ಬಾಕಿ ಉಳಿದ ನೋಂಬು

ಅವಳ ಮೊಣಗಾಲಿನ ಕೆಳಗೆ, ಎಲುಬಿನ ಮೇಲೆ, ಹೆಬ್ಬೆರಳನ್ನು ಒತ್ತಿ ತೆಗೆದೆ. ಗುಳಿ ಬಿತ್ತು. ಅದು ತುಂಬಿಕೊಳ್ಳಲಿ ಎಂದು ಕಾದೆ. ಹಸಿ ಮಣ್ಣಿಗೆ ಬೆರಳೂರಿದ ಗುರುತಿನಂತೆ ಹಾಗೆಯೇ ಉಳಿಯಿತು.

"ಬಸುರಿಗೆ ಕಾಲು ಬಾತರೆ ಎಂತ ದೊಡ್ಡದು ಬಾಯಮ್ಮ? ಎಲ್ಲರಿಗೂ ಬರ್ತದೆ," ಅಂದರು ಜೊತೆಗೆ ಬಂದಿದ್ದ ಅವಳ ಅತ್ತೆ.

ಕ್ರೈಸ್ತ ಹೆಂಗಸರನ್ನು ಬಾಯಮ್ಮ ಎಂದು ಕರೆಯುವುದು ನಮ್ಮ ಕಡೆಯ ರೂಢಿ. ಮದರಾಸು ಸರಕಾರ ಹೋಗಿ ಮೈಸೂರು ಸರಕಾರ ಬಂದ ಹೊಸತರಲ್ಲಿ ನಾನು ಆಲಂಕಾರಿನ ಹತ್ತಿರದ ಹೆರಿಗೆ ಕೇಂದ್ರದಲ್ಲಿ ನರ್ಸ್ ಆಗಿದ್ದೆ. ಕೇಂದ್ರವೆಂದರೆ ಬಾಡಿಗೆಯ ಹಂಚಿನ ಮನೆ, ಎರಡು ಮಂಚ, ಒಂದು ಸ್ಪಿರಿಟ್ ದೀಪ, ರಕ್ತದೊತ್ತಡ ನೋಡುವ ಪಾದರಸದ ಪೆಟ್ಟಿಗೆ.

ಕಾಲು ಬಾಯುವುದು ಎಲ್ಲರಿಗೂ ಬರುತ್ತದೆ, ನಿಜ. ಇವಳ ಗಾಜಿನ ಬಳೆಗಳು ಮಣಿಕಟ್ಟಿನ ಮಾಂಸದಲ್ಲಿ ಹೂತುಹೋಗಿದ್ದವು. ಕಣ್ಣಿನ ರೆಪ್ಪೆಗಳು ನೀರು ತುಂಬಿದ ಹಾಗೆ ಜೋಲುತ್ತಿದ್ದವು. ತೋಳಿಗೆ ಪಟ್ಟಿ ಸುತ್ತಿ ಗಾಳಿ ಹಾಕಿದೆ. ಪಾದರಸ ನಿಲ್ಲಬೇಕಾದ ಕಡೆಗಿಂತ ಎಷ್ಟೋ ಮೇಲೆ ನಿಂತಿತು. ಮೂತ್ರವನ್ನು ಗಾಜಿನ ನಳಿಗೆಯಲ್ಲಿ ಹಿಡಿದು, ಮೇಲ್ಭಾಗವನ್ನು ದೀಪಕ್ಕೆ ಒಡ್ಡಿ ಕಾಯಿಸಿ, ಆಮ್ಲದ ಹನಿ ಬಿಟ್ಟೆ. ಮೊಟ್ಟೆಯ ಬಿಳಿ ಬೆಂದ ಹಾಗೆ ಒಳಗೆ ಬೆಳ್ಳಗೆ ಮೋಡ ಕಟ್ಟಿತು.

ಬಸುರಿನ ನಂಜು ಎಂದು ನಮಗೆ ಕಲಿಸಿದ್ದರು. ಮೊದಲು ಬಾವು, ಆಮೇಲೆ ತಲೆನೋವು, ಆಮೇಲೆ ಕಣ್ಣು ಮಂಜು, ಪಕ್ಕೆಲುಬಿನ ಕೆಳಗೆ ನೋವು, ಕೊನೆಗೆ ಸೆಳೆತ. ಸೆಳೆತ ಶುರುವಾದ ಮೇಲೆ ತಾಯಿ ಉಳಿಯುವುದು ಕಷ್ಟ. ನನ್ನ ತರಬೇತಿಯ ಕಾಲದಲ್ಲಿ ಹಾಗೆ ಹೋದ ಒಬ್ಬಳನ್ನು ನಾನು ಕಂಡಿದ್ದೆ. ನಾಲಿಗೆ ಕಚ್ಚಿಕೊಂಡ ಆ ಮುಖ ಮರೆಯುವಂಥದ್ದಲ್ಲ.

ಗಂಡ ಒಣಮೀನಿನ ವ್ಯಾಪಾರಿ. ಮಂಗಳೂರಿನಿಂದ ಮೀನು ತರಿಸಿ, ಕಾಣಿಯೂರು, ಕಡಬದ ಸಂತೆ ಮುಗಿಸಿ, ಸಂಪಾಜೆಯ ತೋಟದ ಕೂಲಿಯವರ ಲೈನುಗಳವರೆಗೂ ಹೋಗುತ್ತಿದ್ದ. ವಾರಗಟ್ಟಲೆ ಮನೆಯಲ್ಲಿ ಇರುತ್ತಿರಲಿಲ್ಲ. ಇದು ಅವಳ ಮೂರನೆಯ ಬಸಿರು. ಮೊದಲನೆಯದು ಹುಟ್ಟುವಾಗಲೇ ಜೀವ ಇರಲಿಲ್ಲ. ಎರಡನೆಯದು ಬೆಳಗ್ಗೆ ಹುಟ್ಟಿ ಮಧ್ಯಾಹ್ನದ ಹೊತ್ತಿಗೆ ಹೋಯಿತು. ಇಷ್ಟನ್ನೂ ಹೇಳಿದ್ದು ಅತ್ತೆ. ಸೊಸೆ ಗೋಡೆಯ ಕಡೆ ನೋಡುತ್ತ ಕೂತಿದ್ದಳು, ಬೇರೆ ಯಾರದೋ ಸುದ್ದಿ ಕೇಳುವವಳ ಹಾಗೆ.

ಉಪ್ಪು ಬಿಡಬೇಕು, ಎಡ ಮಗ್ಗುಲಲ್ಲಿ ಮಲಗಿಯೇ ಇರಬೇಕು, ಹಾಲು, ಮೊಟ್ಟೆ, ಗಂಜಿ ಹೊಟ್ಟೆ ತುಂಬ ಕೊಡಬೇಕು ಎಂದೆ. ನಿದ್ದೆಗೆ ಮಾತ್ರೆ ಕೊಟ್ಟೆ.

"ಕೊಡುವ. ನಾನೇ ಎದುರು ಕೂತು ಕೊಡ್ತೇನೆ," ಅಂದರು ಅತ್ತೆ. ಆ ಹೆಂಗಸಿನ ಮಾತಿನಲ್ಲಿ ನಂಬಿಕೆ ಇಡಬಹುದಿತ್ತು.

ಆಮೇಲೆ ನಾನೇ ಅವರ ಮನೆಗೆ ಹೋಗತೊಡಗಿದೆ. ಪೇಟೆಯ ಕೊನೆಯಲ್ಲಿ ಸಣ್ಣ ಮನೆ, ಜಗಲಿಯಲ್ಲಿ ಒಣಮೀನು ಕಟ್ಟಿದ ಓಲೆಯ ಮೂಟೆಗಳು, ಒಳಗೂ ಹೊರಗೂ ಮೀನಿನ ವಾಸನೆ. ಬೇಸಗೆ ಏರುತ್ತಿತ್ತು. ಪ್ರತಿ ಸಲವೂ ಪಾದರಸ ಸ್ವಲ್ಪ ಮೇಲೆಯೇ ನಿಲ್ಲುತ್ತಿತ್ತು. ನಳಿಗೆಯ ಮೋಡ ದಪ್ಪವಾಗುತ್ತಿತ್ತು. ಒಂದು ದಿನ ಅವಳು ಚಾಪೆಯ ಮೇಲೆ ಬಿಳಿ ಬಟ್ಟೆ ಹರಡಿಕೊಂಡು ಮಡಚುತ್ತಿದ್ದಳು. ಹೊಸ ಬಟ್ಟೆ, ಒಗೆದು ಗಂಜಿ ತೆಗೆದದ್ದು. ಮಡಿಕೆಗಳ ನಡುವೆ ಕರ್ಪೂರ ಇಡುತ್ತಿದ್ದಳು.

"ಮಗುವಿನ ಬಟ್ಟೆ ಈಗಲೇ ತಯಾರಾ?" ಎಂದು ಕೇಳಿದೆ. ಅವಳು ಮೊದಲ ಸಲ ನನ್ನ ಮುಖ ನೋಡಿ ನಕ್ಕಳು. ಒಳ್ಳೆಯ ಲಕ್ಷಣ ಎಂದುಕೊಂಡು ಬಂದೆ.

ಆ ತಿಂಗಳು ಪುತ್ತೂರಿಗೆ ಹೋದಾಗ ಆಸ್ಪತ್ರೆಯ ಡಾಕ್ಟರರಿಗೆ ಎಲ್ಲವನ್ನೂ ಹೇಳಿದೆ. ಅವರು ಚುರುಕಿನ ಮನುಷ್ಯರು, ಕೈಗುಣ ಒಳ್ಳೆಯದು, ಮಾತು ಕಡಿಮೆ. ಸೆಳೆತ ಬಂದರೆ ಚುಚ್ಚಲಿಕ್ಕೆ ಮಾರ್ಫಿಯಾದ ಸೀಸೆಗಳನ್ನು ಹತ್ತಿಯಲ್ಲಿ ಸುತ್ತಿ ಕೊಟ್ಟರು.

"ಕಣ್ಣು ಮಂಜಾಯ್ತು ಅಂದ ಕೂಡ್ಲೇ ಹೊರಡಿ. ಕಾಯ್ಬೇಡಿ."

"ಒಪ್ಪದಿದ್ರೆ ಸರ್? ಆ ಮನೆಯಲ್ಲಿ ಆಸ್ಪತ್ರೆ ಅಂದ್ರೆ ಭಯ ಉಂಟು."

"ಮಗು ಚೆನ್ನಾಗಿ ಉಂಟು, ಉಳಿಸ್ಲಿಕ್ಕೆ ಹೋಗುದು ಅಂತ ಹೇಳಿ. ಮಗು ಅಂದ್ರೆ ಯಾವ ತಾಯಿಯೂ ಬರ್ತಾಳೆ. ಉಳಿದದ್ದು ನಮ್ಮ ಕೆಲಸ ಅಲ್ಲ."

ಮುಂದಿನ ಸಲ ಅವಳ ಹತ್ತಿರ ಬಾಗಿ ಕಣ್ಣಿನ ರೆಪ್ಪೆ ಎತ್ತುವಾಗ ಅವಳ ಉಸಿರಿನಲ್ಲಿ ಒಂದು ವಾಸನೆ ಬಂತು, ಕಳಿತು ಬಿದ್ದ ಹಣ್ಣಿನಂಥ ಸಿಹಿ ವಾಸನೆ. ಮೈಯ ಕೊಬ್ಬು ಕರಗಿಸಿಕೊಂಡು ಬದುಕುವವರ ಉಸಿರು ಹಾಗಿರುತ್ತದೆ. ತುಟಿ ಒಣಗಿ ಸಿಪ್ಪೆ ಎದ್ದಿತ್ತು. ಬಾವು ಇಳಿಸಿ ನೋಡಿದರೆ ಆ ಮೈಯಲ್ಲಿ ಬರೀ ಎಲುಬು ಉಳಿದೀತು ಎನಿಸಿತು.

"ಇವಳು ಉಣ್ಣುತ್ತಾ ಇಲ್ಲ," ಎಂದೆ.

"ಎಂತ ಮಾರಾಯ್ರೆ! ನಾನೇ ಬಡಿಸುದು," ಅತ್ತೆಗೆ ಸಿಟ್ಟು ಬಂತು.

"ಬಡಿಸುದು ನೀವು. ಉಣ್ಣುದನ್ನು ಕಂಡದ್ದುಂಟಾ?"

ಅತ್ತೆ ಎದ್ದು ಹಿತ್ತಿಲಿಗೆ ಹೋದರು, ನಾನೂ ಹಿಂದೆ ಹೋದೆ. ಕೋಳಿಗೂಡಿನ ಹಿಂದೆ ಮಣ್ಣು ಕೆದರಿದ ಜಾಗ ಇತ್ತು. ಅಲ್ಲಿ ಅನ್ನ ಹುಗಿದಿತ್ತು, ಮೊಟ್ಟೆಯ ಚೂರುಗಳಿದ್ದವು. ಅವರು ಅದನ್ನು ನೋಡುತ್ತ ನಿಂತೇ ಇದ್ದರು. ಆಮೇಲೆ ಒಳಗೆ ಬಂದು ಸೊಸೆಯ ಎದುರು ಕೂತರು. ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ.

"ಎಂತಕ್ಕೆ ಮಗಳೇ?"

"ನೋಂಬು," ಅಂದಳು ಅವಳು. ಉಪವಾಸಕ್ಕೆ ಮುಸಲ್ಮಾನರಾದ ಅವರ ಮಾತಿನಲ್ಲಿ ನೋಂಬು ಎನ್ನುತ್ತಾರೆ.

"ರಂಜಾನ್ ಎಲ್ಲಿ ಉಂಟು ಈಗ?"

"ಬಾಕಿ ನೋಂಬು. ಎರಡು ಬಸುರಿನಲ್ಲಿ ತಪ್ಪಿದ್ದು. ತೀರಿಸದೆ ಹೋಗ್ಬಾರದಲ್ಲ."

ಎಲ್ಲಿಗೆ ಹೋಗಬಾರದು ಎಂದು ನಾನು ಕೇಳಬೇಕೆನ್ನುವಷ್ಟರಲ್ಲಿ ಅತ್ತೆ ಎದ್ದು ಮೂಲೆಯ ಮರದ ಪೆಟ್ಟಿಗೆ ತೆರೆದರು. ಬಿಳಿ ಬಟ್ಟೆ ಮೇಲೆಯೇ ಇತ್ತು. ಎತ್ತಿ ಬಿಡಿಸಿದರು. ಮಗುವಿನ ಅಳತೆಯಲ್ಲ, ಆಳುದ್ದದ ತುಂಡುಗಳು. ಕರ್ಪೂರದ ವಾಸನೆ ಕೋಣೆ ತುಂಬಿತು. ಅತ್ತೆ ನನ್ನ ಕಡೆ ತಿರುಗಿದರು.

"ಮಯ್ಯತ್ತಿಗೆ, ಹೆಣಕ್ಕೆ ಹೊದೆಸುವ ಬಟ್ಟೆ ಬಾಯಮ್ಮ. ತನಗೇ ತಯಾರು ಮಾಡಿ ಇಟ್ಟುಕೊಂಡಿದ್ದಾಳೆ."

ನಾನು ಆವರೆಗೆ ನೋಡಿದ್ದು ಬಾವು, ಪಾದರಸ, ಮೋಡ. ರೋಗಿಯೇ ಹೊರಟು ನಿಂತಿದ್ದಾಳೆ ಎನ್ನುವುದನ್ನು ಅಳೆಯುವ ಯಾವ ಸಲಕರಣೆಯೂ ನನ್ನ ಚೀಲದಲ್ಲಿ ಇರಲಿಲ್ಲ. ಆ ದಿನ ಅತ್ತೆ ಬಾಯಿಗೆ ತುತ್ತು ಹಿಡಿದರು. ಅವಳು ನುಂಗಿದಳು, ಹಿಂದೆಯೇ ವಾಂತಿ ಮಾಡಿಕೊಂಡಳು.

ಎರಡು ದಿನ ಕಳೆದು ಬೆಳಗ್ಗೆ ಅತ್ತೆಯೇ ಓಡಿಕೊಂಡು ಬಂದರು. ತಲೆ ಒಡೆದುಹೋಗುವ ನೋವಂತೆ, ಕಣ್ಣ ಮುಂದೆ ಮಿಣುಕು ಹುಳಗಳಂತೆ. ನಾನು ಚೀಲ ಎತ್ತಿಕೊಂಡು ಹೋದೆ. ಅವಳು ಗೋಡೆಗೆ ಒರಗಿ ಕೂತು ಪಕ್ಕೆಲುಬಿನ ಕೆಳಗೆ ಅಂಗೈ ಒತ್ತಿಕೊಂಡಿದ್ದಳು. ಪಾದರಸ ನೋಡಿದೆ. ಮತ್ತೊಮ್ಮೆ ನೋಡುವ ಧೈರ್ಯ ಆಗಲಿಲ್ಲ.

ಮಲಗಿಸಿ, ಮಗುವಿನ ಎದೆಬಡಿತ ಕೇಳುವ ಮರದ ಕೊಳವೆಯನ್ನು ಹೊಟ್ಟೆಗೆ ಇಟ್ಟು ಕಿವಿ ಹಚ್ಚಿದೆ. ಎಡಕ್ಕೆ ಸರಿಸಿದೆ, ಬಲಕ್ಕೆ, ಹೊಕ್ಕುಳಿನ ಮೇಲೆ, ಕೆಳಗೆ. ಅವಳ ರಕ್ತ ಹರಿಯುವ ಸದ್ದು ಕೇಳಿತು. ಅದರ ಹಿಂದೆ ಇರಬೇಕಾದದ್ದು ಇರಲಿಲ್ಲ. ಹೊರಗೆ ಯಾರನ್ನೋ ಸುಮ್ಮನಿರಲು ಹೇಳಿ ಪುನಃ ಇಟ್ಟೆ. ಇಲ್ಲ.

ತಲೆ ಎತ್ತಿದಾಗ ಅವಳು ನನ್ನನ್ನೇ ನೋಡುತ್ತಿದ್ದಳು.

"ಅದು ನಿಂತಿದೆ ಬಾಯಮ್ಮ. ನಿನ್ನೆಯೇ ನಿಂತಿದೆ. ನನಗೆ ಗೊತ್ತುಂಟು."

ಈ ಹೊತ್ತಿಗೆ ಹೇಳಬೇಕಾದ ಮಾತನ್ನು ಡಾಕ್ಟರರು ನನ್ನ ಬಾಯಿಗೆ ಇಟ್ಟು ಕಳಿಸಿದ್ದರು. ಮಗು ಚೆನ್ನಾಗಿ ಉಂಟು. ನನ್ನ ನಾಲಿಗೆ ಏಳಲಿಲ್ಲ.

"ಹೌದು, ನನಗೂ ಕೇಳಿಸಲಿಲ್ಲ. ನಿನ್ನನ್ನು ಉಳಿಸ್ಲಿಕ್ಕೆ ಪುತ್ತೂರಿಗೆ ಹೋಗುವ," ಎಂದೆ.

"ನಾನು ಬರುದಿಲ್ಲ. ನನ್ನ ಮೂವರೂ ಆಚೆ ಇದ್ದಾರೆ. ಅಲ್ಲಿಗೆ ಹೋಗ್ತೇನೆ." ಅಷ್ಟು ಹೇಳಿ ಕಣ್ಣು ಮುಚ್ಚಿದಳು.

ಅತ್ತೆ ನನ್ನ ತೋಳು ಹಿಡಿದು ಹೊರಗೆ ಎಳೆದರು. ಜಗಲಿಯಲ್ಲಿ ನೆರೆಯ ಗಂಡಸರು ಸೇರಿದ್ದರು. "ಅವಳ ಮಾತು ಕೇಳುದು ಬೇಡ. ಕುರ್ಚಿಗೆ ಕಟ್ಟಿ ಹೊತ್ತುಕೊಂಡು ಹೋಗುವ," ಅಂದರು. ಆ ಮಾತಿನಲ್ಲಿ ಪ್ರೀತಿಯೇ ಇತ್ತು. ಆದರೆ ಕಟ್ಟಿ ಹಾಕಿದ ಕ್ಷಣವೇ ಸೆಳೆತ ಬರುವುದನ್ನು ನಾನು ಕಣ್ಣಿಗೆ ಕಟ್ಟಿದ ಹಾಗೆ ಕಂಡೆ. ಇಂಥವರನ್ನು ಕತ್ತಲೆ ಕೋಣೆಯಲ್ಲಿ, ಚಮಚ ಬಿದ್ದ ಸದ್ದೂ ಆಗದಂತೆ ಇಡಬೇಕು. ಸೆಳೆತದಿಂದ ಪಾರಾದರೂ, ಬದುಕಲು ಮನಸ್ಸಿಲ್ಲದ ಮೈಗೆ ಮದ್ದು ಎಷ್ಟು ಹಿಡಿದೀತು? ಕಾದರೂ ಅಪಾಯ, ಹೊರಟರೂ ಅಪಾಯ.

ನಿದ್ದೆಯ ಮದ್ದು ಕೊಟ್ಟು, ಕಿಟಕಿಗೆ ಕಂಬಳಿ ಕಟ್ಟಿಸಿದೆ. "ಹೊಳೆ ದಾಟಿಸಲು ದೋಣಿಯವನಿಗೆ ಹೇಳಿ ಇಡಿ. ಆಚೆ ದಡಕ್ಕೆ ಕಾಣಿಯೂರಿನಿಂದ ಕಾರು ಬರಲಿ. ನಾನು ಬರುವವರೆಗೆ ಅವಳನ್ನು ಮುಟ್ಟಬೇಡಿ," ಎಂದು ಹೇಳಿ ಮಸೀದಿಯ ಕಡೆ ನಡೆದೆ. ಡಾಕ್ಟರರು ಕಾಯಬೇಡಿ ಎಂದಿದ್ದರು. ನಾನು ಕಾಯುವುದನ್ನು ಆರಿಸಿಕೊಂಡೆ.

ಅಲ್ಲಿನ ಗುರುಗಳಾದ ಮುಸ್ಲಿಯಾರರು ವಯಸ್ಸಾದವರು. ಮಕ್ಕಳಿಗೆ ಓದಿಸುತ್ತಿದ್ದರು. ನನ್ನನ್ನು ಕಂಡು ಅಂಗಳಕ್ಕೆ ಬಂದರು, ದೂರದಲ್ಲೇ ನಿಂತರು. ನಾನು ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಅವರ ಮುಖ ಸಡಿಲಾಗಲಿಲ್ಲ.

"ನೀವು ಬಾಯಮ್ಮ. ನಿಮ್ಮ ದೇವರು ಬೇರೆ, ದಾರಿ ಬೇರೆ. ನನ್ನನ್ನು ಎಂತಕ್ಕೆ ಕರೆಯುದು?"

"ಅವಳು ಸಾಯ್ಲಿಕ್ಕೆ ಹೊರಟದ್ದು ನಿಮ್ಮ ದಾರಿ ಅಂತ ತಿಳ್ಕೊಂಡು. ಆ ದಾರಿ ಹೌದಾ ಅಲ್ಲವಾ ಅಂತ ನಾನು ಹೇಳಿದ್ರೆ ಕೇಳುದಿಲ್ಲ."

"ನಿಮ್ಮ ಮದ್ದಿನಲ್ಲಿ ಹರಾಮಿನದ್ದು ಉಂಟಾ?"

"ಸೂಜಿ ಚುಚ್ಚುವ ಮೊದಲು ಚರ್ಮಕ್ಕೆ ಸ್ಪಿರಿಟ್ ಹಚ್ಚುತ್ತೇವೆ. ಮಾರ್ಫಿಯಾ ಅಫೀಮಿನದ್ದು. ಉಳಿದದ್ದು ನನಗೆ ಗೊತ್ತಿದ್ದ ಹಾಗೆ ಇಲ್ಲ."

"ಜೀವಕ್ಕೆ ಬಂದಾಗ ಅನುಮತಿ ಉಂಟು. ಅವಳು ಉಳಿಯುತ್ತಾಳಾ?"

"ಗೊತ್ತಿಲ್ಲ."

ಉಳಿಯುತ್ತಾಳೆ ಎಂದು ಸುಳ್ಳು ಹೇಳಿದ್ದರೆ ಬಹುಶಃ ಅವರು ಬರುತ್ತಿರಲಿಲ್ಲ. ಒಳಗೆ ಹೋಗಿ ಮುಂಡಾಸು ಸರಿಮಾಡಿಕೊಂಡು ಬಂದರು. ಉಬ್ಬಸದ ಮನುಷ್ಯ, ಏರಿನಲ್ಲಿ ಎರಡೆರಡು ಸಲ ನಿಂತರು. ನನಗೆ ಒಂದೊಂದು ನಿಲುಗಡೆಯೂ ಎದೆಯ ಮೇಲೆ ಕಲ್ಲು ಇಟ್ಟ ಹಾಗಾಗುತ್ತಿತ್ತು.

ಕೋಣೆಯ ಬಾಗಿಲಿಗೆ ಸೀರೆ ಕಟ್ಟಿ, ಅವರು ಹೊರಗೆ ಚಾಪೆಯ ಮೇಲೆ ಕೂತರು. ನಾನು ಒಳಗೆ ಅವಳ ನಾಡಿ ಹಿಡಿದು ಕೂತೆ. ಅತ್ತೆ ಕಾಲ ಬಳಿ.

"ಬಸುರಿಗೂ ಕಾಯಿಲೆಯವರಿಗೂ ನೋಂಬು ಕಡ್ಡಾಯ ಇಲ್ಲ ಅಂತ ನಿನಗೆ ಚಿಕ್ಕಂದಿನಲ್ಲಿ ಕಲಿಸಿದ್ದುಂಟಲ್ಲ?" ಅಂದರು ಅವರು.

"ಬಾಕಿ ಇಟ್ಟುಕೊಂಡು ಹೇಗೆ ಹೋಗುದು ಉಸ್ತಾದರೇ?"

"ಬಾಕಿ ಉಂಟು ಅಂತ ಗೊತ್ತಿದ್ದವರು ಹೋಗ್ಲಿಕ್ಕೆ ಅವಸರ ಮಾಡುದುಂಟಾ? ಗುಣ ಆದ ಮೇಲೆ ಹಿಡಿ. ಅದಕ್ಕಾದ್ರೂ ಬದುಕು."

ಅವಳು ಬಹಳ ಸಣ್ಣ ದನಿಯಲ್ಲಿ ಕೇಳಿದಳು: "ನನ್ನ ಮಕ್ಕಳಿಗೆ ಹೆಸರೇ ಇಲ್ಲ. ಅವರನ್ನು ಅಲ್ಲಿ ಯಾರು ಕರೆಯುದು? ಎಂತ ಅಂತ ಕರೆಯುದು?"

ಆಗಲೇ ನನಗೆ ತಿಳಿದದ್ದು, ನಾನು ಎಷ್ಟು ದಿನದಿಂದ ಉಪ್ಪಿನ ಮಾತಾಡುತ್ತಿದ್ದೆ, ಅವಳು ಯಾವ ನೋವಿನಲ್ಲಿದ್ದಳು ಎನ್ನುವುದು. ಹೊರಗೆ ಉಬ್ಬಸದ ಉಸಿರು ಮಾತ್ರ ಕೇಳುತ್ತಿತ್ತು.

"ಮೊದಲನೆಯದನ್ನು ಯಾರು ನೋಡಿದ್ದು?" ಎಂದು ಕೇಳಿದರು ಮುಸ್ಲಿಯಾರರು.

"ನಾನು," ಅಂದರು ಅತ್ತೆ. "ನಾನೇ ಹಿಡಿದದ್ದು. ಇವಳಿಗೆ ತೋರಿಸ್ಲಿಲ್ಲ. ತೋರಿಸಿದ್ರೆ ಮನಸ್ಸು ಒಡೀತದೆ ಅಂತ ತೋರಿಸ್ಲಿಲ್ಲ."

"ರೂಪ ಬಂದಿತ್ತಾ?"

"ಎಲ್ಲ ಬಂದಿತ್ತು. ಉಗುರು ಸಹ. ಹೆಣ್ಣು. ತಲೆ ತುಂಬ ಕೂದಲು, ಇವಳ ಹಾಗೆಯೇ ಗುಂಗುರು."

ನನ್ನ ಬೆರಳ ಕೆಳಗೆ ಅವಳ ನಾಡಿ ಹಾರಿತು. ಹೆಣ್ಣು ಎನ್ನುವುದೂ ಅವಳಿಗೆ ಗೊತ್ತಿರಲಿಲ್ಲ.

"ಹಾಗಾದ್ರೆ ಹೆಸರಿಡ್ಬಹುದು. ತಡ ಅಂತ ಇಲ್ಲ, ಈಗಲೇ ಇಡು," ಅಂದರು ಅವರು. "ಹಿರಿಯರು ಹೇಳುದು ಕೇಳಿದ್ದೇನೆ. ಹೀಗೆ ಹೋದ ಮಗು ಲೋಕದ ಕೊನೆಯ ದಿನ ಸ್ವರ್ಗದ ಬಾಗಿಲಲ್ಲಿ ಹಟ ಹಿಡಿದು ನಿಲ್ತದಂತೆ, ತಾಯಿ ಬಾರದೆ ಒಳಗೆ ಹೋಗುದಿಲ್ಲ ಅಂತ. ಕೊನೆಗೆ ಹೊಕ್ಕುಳಬಳ್ಳಿಯಲ್ಲೇ ತಾಯಿಯನ್ನು ಎಳೆದುಕೊಂಡು ಒಳಗೆ ಹೋಗ್ತದಂತೆ."

ಎಷ್ಟೋ ಹೊಕ್ಕುಳಬಳ್ಳಿಗಳನ್ನು ಕತ್ತರಿಸಿದ ಕೈ ನನ್ನದು. ಆ ಮಾತಿಗೆ ಮೈ ಜುಮ್ಮೆಂದಿತು. ಹಿಂದೆಯೇ ಹೆದರಿಕೆಯೂ ಆಯಿತು. ಅವಳ ಮುಖದಲ್ಲಿ ಬೆಳಕು ಬಂದದ್ದು ನಾನು ಬಯಸಿದ ಬೆಳಕಲ್ಲ.

"ಕಾಯ್ತಾ ಇದ್ದಾರಾ ಹಾಗಾದ್ರೆ? ನಾನು ಈಗಲೇ ಹೋಗ್ತೇನೆ," ಅಂದಳು.

ಪರದೆಯ ಆಚೆ ಮುದುಕರ ದನಿ ಗಟ್ಟಿಯಾಯಿತು. "ಹೋಗುದು ನಿನ್ನ ಕೈಯಲ್ಲಿ ಇಲ್ಲ. ಕರೆಯುದು ಮಕ್ಕಳ ಕೈಯಲ್ಲೂ ಇಲ್ಲ. ಕೊಟ್ಟವನು ಕರೀಬೇಕು. ಅದುವರೆಗೆ ಈ ಶರೀರ ನಿನ್ನನ್ನು ನಂಬಿ ಕಾಯ್ಲಿಕ್ಕೆ ಇಟ್ಟ ಅಮಾನತ್ತು. ಅಮಾನತ್ತನ್ನು ಹಾಳು ಮಾಡಿ ಹಿಂದೆ ಕೊಟ್ಟರೆ ಅವನು ಕೇಳುದಿಲ್ಲವಾ? ಈ ಬಾಯಮ್ಮ ಅದನ್ನು ಕಾಯ್ಲಿಕ್ಕೆ ಬಂದವರು. ಅವರ ಜೊತೆ ಹೋಗು. ಇದು ನಾನು ಹೇಳುದು."

ಅವಳು ಅತ್ತಳು. ಇಷ್ಟು ದಿನಗಳಲ್ಲಿ ಅವಳು ಅತ್ತದ್ದನ್ನು ನಾನು ಕಂಡಿರಲಿಲ್ಲ. ಸದ್ದಿಲ್ಲದ ಅಳು, ಮೈ ಸಡಿಲವಾಗುತ್ತ ಹೋದ ಅಳು. ಆಮೇಲೆ ಹೆಸರು ಹೇಳಿದಳು. ಹೆಣ್ಣಿಗೆ ಮರಿಯಮ್ಮ. ಅರ್ಧ ದಿನ ಬದುಕಿದ ಗಂಡಿಗೆ ಇದಿನಬ್ಬ. ಮುಸ್ಲಿಯಾರರು ಎರಡೂ ಹೆಸರನ್ನು ಜೋರಾಗಿ ಹೇಳಿ ಪ್ರಾರ್ಥನೆ ಮಾಡಿದರು. ಅತ್ತೆ ಸೊಸೆಯ ಪಾದಗಳ ಮೇಲೆ ತಲೆ ಇಟ್ಟಿದ್ದರು.

"ನೀರು," ಅಂದಳು ಅವಳು. ಒಂದೆರಡು ಗುಟುಕು ಕುಡಿದು, ನನ್ನ ಕಡೆ ತಿರುಗಿ, "ಹೋಗುವ," ಅಂದಳು.

ಮಂಚದ ಮೇಲೆಯೇ ಮಲಗಿಸಿ ಗಂಡಸರು ಹೊಳೆಗೆ ಹೊತ್ತರು. ಕುಮಾರಧಾರೆ ಬೇಸಗೆಗೆ ಬತ್ತಿ ಬಂಡೆಗಳು ಬೆನ್ನು ತೋರಿಸುತ್ತಿದ್ದವು. ಸೂರ್ಯ ನೆತ್ತಿಗೆ ಬಂದಿದ್ದ. ನೀರಿನ ಹೊಳಪು ಅವಳ ಕಣ್ಣಿಗೆ ಬೀಳದಿರಲಿ ಎಂದು ಅತ್ತೆ ಮುಖದ ಮೇಲೆ ಬಟ್ಟೆ ಹಿಡಿದರು. ದೋಣಿ ನಡುಹೊಳೆಗೆ ಬಂದಿತ್ತು. ಅವಳ ಹೆಬ್ಬೆರಳು ಅಂಗೈಯೊಳಗೆ ಮಡಚಿಕೊಂಡಿತು. ಬಾಯಿಯ ಮೂಲೆ ಅದುರಿತು.

"ಹಿಡೀರಿ!" ಎಂದು ಕೂಗಿದೆ.

ಮೈ ಬಿಲ್ಲಿನ ಹಾಗೆ ಸೆಟೆಯಿತು. ಬಟ್ಟೆ ಸುತ್ತಿದ ಮರದ ಚಮಚ ಹಲ್ಲಿನ ನಡುವೆ ತೂರಿಸಿದೆ. ಮುಖ ನೀಲಿಗಟ್ಟಿತು. ಉಸಿರು ನಿಂತಿತು. ಆಮೇಲೆ ಕೈಕಾಲು ಬಡಿಯತೊಡಗಿ ದೋಣಿ ಒಂದು ಮಗ್ಗುಲಿಗೆ ವಾಲಿತು. ನೀರು ಒಳಗೆ ಬಂತು. ದೋಣಿಯವನು ಬಿದಿರ ಜಲ್ಲೆ ಊರುವುದನ್ನು ನಿಲ್ಲಿಸಿ ಕಿರುಚಿದ:

"ಹಿಂದೆ ಹೋಗುವ ಬಾಯಮ್ಮ! ಇದು ಮುಗೀತು!"

"ಮುಂದೆ ಹಾಕು! ನಿಲ್ಲಿಸಬೇಡ!"

ಮಗ್ಗುಲಿಗೆ ತಿರುಗಿಸಿ ಬಾಯಿಯ ನೊರೆ ಒರೆಸಿದೆ. ಸೀಸೆ ಒಡೆದು ಸೂಜಿಗೆ ಎಳೆದುಕೊಂಡೆ. ತೋಳಿಗೆ ಚುಚ್ಚಿದೆ. ಅತ್ತೆ ಕಣ್ಣು ಮುಚ್ಚಿ ಏನನ್ನೋ ಪಠಿಸುತ್ತಿದ್ದರು. ನಾನೂ ನನ್ನ ದೇವಮಾತೆಯನ್ನು ಕರೆಯುತ್ತಿದ್ದೆ ಎನ್ನುವುದು, ದಡ ತಾಗಿದಾಗ ನನ್ನ ದನಿ ನನಗೇ ಕೇಳಿ ತಿಳಿಯಿತು. ಅಷ್ಟರಲ್ಲಿ ಅವಳ ಗಂಟಲಿನಲ್ಲಿ ಗೊರಗೊರ ಸದ್ದು ಬಂತು. ಉಸಿರು ಹಿಂದೆ ಬಂದಿತ್ತು.

ಪುತ್ತೂರು ಮುಟ್ಟುವ ಮೊದಲು ಕಾರಿನಲ್ಲಿ ಇನ್ನೊಂದು ಸೆಳೆತ ಬಂತು. ಡಾಕ್ಟರರು ಕಾಯುವ ಮನುಷ್ಯರಲ್ಲ. ಕತ್ತಲೆ ಕೋಣೆ, ಮಾರ್ಫಿಯಾ, ನರಕ್ಕೆ ಗ್ಲೂಕೋಸ್. ಹೆರಿಗೆ ನೋವು ತಾನಾಗಿಯೇ ಶುರುವಾಗಿ ಮರುದಿನ ಬೆಳಗ್ಗೆ ಮಗು ಹೊರಬಂತು. ಗಂಡು, ಜೀವವಿಲ್ಲ. ಆಮೇಲೆ ಪಾದರಸ ಇಳಿಯತೊಡಗಿತು, ಮೆಲ್ಲಗೆ, ಸಿಟ್ಟು ಇಳಿಯುವ ಹಾಗೆ.

ಅವಳಿಗೆ ಎಚ್ಚರ ಬಂದಾಗ ಕೇಳಿದ ಮೊದಲ ಮಾತು, "ಎಲ್ಲಿ?"

ನೋಡಿದರೆ ಮತ್ತೆ ಸೆಳೆತ ಬಂದೀತು, ತೋರಿಸಬಾರದು ಎಂದು ಡಾಕ್ಟರರು ಹೇಳಿದ್ದರು. ನಾನು ಅತ್ತೆಯ ಮುಖ ನೋಡಿದೆ. ಅತ್ತೆ ಎದ್ದು ಹೋಗಿ, ಬಟ್ಟೆಯಲ್ಲಿ ಸುತ್ತಿದ್ದ ಮಗುವನ್ನು ತಾವೇ ಎತ್ತಿ ತಂದು ಅವಳ ತೋಳಿನಲ್ಲಿ ಇಟ್ಟರು. ಅವಳು ಬೆರಳು, ಕಿವಿ, ಅಂಗಾಲು ಎಲ್ಲ ನೋಡಿದಳು. ಅವಸರ ಮಾಡಲಿಲ್ಲ. "ಹಸನಬ್ಬ," ಅಂದಳು. ಸಂಪಾಜೆಯಿಂದ ಆಗಷ್ಟೇ ಬಂದು ಮುಟ್ಟಿದ್ದ ಗಂಡನ ಕೈಗೆ ಕೊಟ್ಟಳು. ಸೆಳೆತ ಬರಲಿಲ್ಲ. ನಾನು ಮಾತ್ರ ಇಡೀ ಹೊತ್ತು ಚಮಚ ಹಿಡಿದೇ ನಿಂತಿದ್ದೆ.

ವರಾಂಡದಲ್ಲಿ ಡಾಕ್ಟರರು ಸಿಟ್ಟಿನಲ್ಲೇ ಇದ್ದರು. "ಬೆಳಗ್ಗೆ ಕಣ್ಣು ಮಂಜು ಅಂದವಳು ಇಲ್ಲಿಗೆ ಬಂದದ್ದು ಮಧ್ಯಾಹ್ನ ಕಳೆದ ಮೇಲೆ. ಒಂದು ಸೆಳೆತ ಹೆಚ್ಚಾಗಿದ್ರೆ ಹೆಣ ತರ್ತಿದ್ರಿ. ಎಂತ ಮಾಡ್ತಿದ್ರಿ?"

"ಮುಸ್ಲಿಯಾರರನ್ನು ಕರೀಲಿಕ್ಕೆ ಹೋಗಿದ್ದೆ ಸರ್."

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. "ಮುಂದಿನ ಸಲ ಮೊದಲು ನನ್ನ ಹತ್ತಿರ ಬನ್ನಿ," ಎಂದು ಒಳಗೆ ಹೋದರು. ಅವರು ಹೇಳಿದ್ದರಲ್ಲೂ ನಿಜ ಇತ್ತು. ಅವರ ಕತ್ತಲೆ ಕೋಣೆ ಇಲ್ಲದಿದ್ದರೆ ಅವಳು ಬದುಕುತ್ತಿರಲಿಲ್ಲ. ಆದರೆ ಅದೇ ಸಂಜೆ ಅವಳು ಗಂಜಿ ಕೇಳಿ, ಪೂರ್ತಿ ಉಂಡದ್ದು ಆ ಕೋಣೆಯಿಂದ ಬಂದ ಹಸಿವಿನಿಂದಲ್ಲ. ನಾನು ಎರಡನ್ನೂ ಕಂಡವಳು. ಒಂದನ್ನು ಬಿಟ್ಟು ಇನ್ನೊಂದನ್ನು ಹೇಳಲಾರೆ.

ಮಳೆಗಾಲ ಕಳೆದ ಮೇಲೆ ಒಂದು ಶುಕ್ರವಾರ ಅವರ ಮನೆಗೆ ಹೋದೆ. ಅವಳು ಜಗಲಿಯಲ್ಲಿ ಮೀನು ಬೇರ್ಪಡಿಸುತ್ತಿದ್ದಳು. ಬಾವು ಇರಲಿಲ್ಲ, ಕೆನ್ನೆಯಲ್ಲಿ ಮಾಂಸ ಬಂದಿತ್ತು. ಒತ್ತಡ ನೋಡಿದೆ. ಪಾದರಸ ಇಳಿದದ್ದು ನಿಜ, ಇಳಿಯಬೇಕಾದಷ್ಟು ಇಳಿದಿರಲಿಲ್ಲ. ಮೂತ್ರ ಕಾಯಿಸಿ ನೋಡಿದೆ. ತೆಳ್ಳಗೆ, ಹೊಗೆಯಂತೆ, ಮೋಡ ಇನ್ನೂ ಇತ್ತು. ಮೂತ್ರಪಿಂಡಕ್ಕೆ ಪೆಟ್ಟಾಗಿತ್ತು.

ನಾನು ನಳಿಗೆ ತೊಳೆದೆ. ಅತ್ತೆ ಒಳಗೆ ಹೋದದ್ದನ್ನು ನೋಡಿಕೊಂಡು ಅವಳು ಕೇಳಿದಳು:

"ಇನ್ನೊಂದು ಆಗ್ಬಹುದಾ ಬಾಯಮ್ಮ?"

ನನಗೆ ಉತ್ತರ ಗೊತ್ತಿತ್ತು. ನಳಿಗೆಯನ್ನು ಬಟ್ಟೆಯಲ್ಲಿ ಒರೆಸತೊಡಗಿದೆ.

"ಆ ದಿನ ನೀವು ಸುಳ್ಳು ಹೇಳ್ಲಿಲ್ಲ. ಇವತ್ತೂ ಹೇಳ್ಬೇಡಿ."

"ಬೇಡ. ಇನ್ನೊಂದಾದ್ರೆ ನೀನು ಉಳಿಯುದಿಲ್ಲ," ಎಂದೆ.

ಅವಳು ಮೀನಿನ ಬುಟ್ಟಿಯ ಮೇಲೆ ಕೈ ಇಟ್ಟು ಹಾಗೆಯೇ ಕೂತಳು. ನಾನು ನಾಡಿ ಹಿಡಿಯಲು ಕೈ ಚಾಚಿದೆ. ಅವಳು ಅದನ್ನು ಮೆಲ್ಲಗೆ ಸರಿಸಿದಳು.

"ಹಾಗಾದ್ರೆ ನನಗೆ ಮಕ್ಕಳು ಮೂರು," ಎಂದಳು. ಎದ್ದು ಕೈ ತೊಳೆದುಕೊಂಡು, ಅನ್ನಕ್ಕೆ ಇಡಲು ಒಳಗೆ ಹೋದಳು.